ಸಂಘದ ಹಳೇ ಗಣಕಯಂತ್ರದಲ್ಲಿ ಟಿ.ವಿ. ಕೂರಿಸಿದ ಕಥೆ

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಸೀದಾ ಹೊಲಕ್ಕೆ ಇಳಿದವನು. ಸಂಘ ಹುಟ್ಟಿದ್ದು, ಕಟ್ಟಡ ಕಟ್ಟಿದ್ದು, ಮೊದಲ ವರ್ಷ ಎಷ್ಟು ಲೀಟರ್ ಬಂತು ಎಂಬುದನ್ನೆಲ್ಲ ಹೇಳಲು ನನಗಿಂತ ಹಿರಿಯರಿದ್ದಾರೆ. ಅಧ್ಯಕ್ಷರು ಮೊನ್ನೆ ನನ್ನನ್ನು ಕರೆದು, "ಆ ಟಿ.ವಿ. ವಿಷಯ ನೀನೇ ಹೇಳಪ್ಪ, ಅದಕ್ಕೆ ಬೈಸಿಕೊಂಡವನೂ ನೀನೇ ತಾನೆ" ಎಂದರು. ಆದ್ದರಿಂದ ಸಂಘದ ಹಜಾರದಲ್ಲಿರುವ ಆ ಪರದೆಯ ಬಗ್ಗೆ, ಅದರ ಹಿಂದಿರುವ ಹಳೇ ಗಣಕಯಂತ್ರದ ಬಗ್ಗೆ, ಅದಕ್ಕೆ ಮಾಡಿದ ಸೆಟ್ಟಿಂಗುಗಳ ಬಗ್ಗೆ ನಾಲ್ಕು ಮಾತು ಹೇಳ್ತೇನೆ. ಬೇರೆ ಊರಿನ ಸಂಘದವರೂ ಬಂದಿದ್ದೀರಿ. ನಾವು ಎಡವಿದ ಕಲ್ಲಿಗೆ ನೀವೂ ಎಡವುವುದು ಬೇಡ.

ಮೊದಲು, ಇದು ಯಾಕೆ ಬೇಕಾಯಿತು ಅಂತ ಹೇಳಬೇಕು. ಈ ಠರಾವು ಬಂದ ದಿನ ಸಭೆಯಲ್ಲಿ ಒಬ್ಬರು, "ಮನೆಮನೆಯಲ್ಲಿ ಟಿ.ವಿ. ಇದೆ, ಕೈಕೈಯಲ್ಲಿ ಮೊಬೈಲ್ ಇದೆ, ಸಂಘದಲ್ಲಿ ಸಿನಿಮಾ ತೋರಿಸ್ತೀರಾ?" ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ನಮ್ಮಂಥ ಹಾಲು ಕರೆಯುವವರ ಕಷ್ಟ ಬೇರೆ. ರೈತರ ಕಾರ್ಯಕ್ರಮ ಬರುವುದು ಸಂಜೆ ಹೊತ್ತು. ಆ ಹೊತ್ತಿಗೆ ರೈತ ಎಲ್ಲಿರ್ತಾನೆ? ಕೊಟ್ಟಿಗೆಯಲ್ಲಿ, ಹಸುವಿನ ಕೆಚ್ಚಲ ಕೆಳಗೆ ಕೂತಿರ್ತಾನೆ. ರೈತನ ಹೆಂಡತಿಯೂ ಅಲ್ಲೇ ಇರ್ತಾಳೆ. ಮನೆಯೊಳಗೆ ಟಿ.ವಿ. ಮುಂದೆ ಇರುವವರು ಮಕ್ಕಳು, ಅವರು ನೋಡುವುದು ಬೇರೆ. ಆದ್ದರಿಂದ ಕಾರ್ಯಕ್ರಮವನ್ನು ಹಿಡಿದಿಟ್ಟುಕೊಂಡು, ಬೆಳಿಗ್ಗೆ ಹಾಲು ಹಾಕಲು ಸಾಲು ನಿಂತಾಗ ತೋರಿಸಬೇಕು ಎಂಬುದು ನನ್ನ ಆಲೋಚನೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಊರ ಕಥೆ ಮಾತಾಡುವ ಬದಲು (ಅದನ್ನೂ ಬಿಡಬೇಡಿ, ಅದೂ ಬೇಕು) ಹದಿನೈದು ನಿಮಿಷ ಕೆಚ್ಚಲು ಬಾವಿನ ಬಗ್ಗೆ ನೋಡಿದರೆ ನಷ್ಟವೇನು?

ಹತ್ತಾರು ಜನ ಒಟ್ಟಿಗೆ ಕೂತು ಟಿ.ವಿ. ನೋಡುವುದು ಹಳ್ಳಿಗೆ ಹೊಸದಲ್ಲ. ದೆಹಲಿಯಲ್ಲಿ ಕೃಷಿ ದರ್ಶನ ಕಾರ್ಯಕ್ರಮ ಶುರುವಾದದ್ದು 1967ರಲ್ಲಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ್ದರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿ ಆಂಟೆನಾ ನಿಲ್ಲಿಸಿ, ಒಂದು ಪೆಟ್ಟಿಗೆಯ ಮುಂದೆ ಇಡೀ ಊರು ಕೂರುತ್ತಿತ್ತು. ಆಗ ಪೆಟ್ಟಿಗೆ ಇರಲಿಲ್ಲ ಎಂದು ಒಟ್ಟಿಗೆ ಕೂತರು. ಈಗ ಪುರುಸೊತ್ತಿಲ್ಲ ಎಂದು ನಾವು ಒಟ್ಟಿಗೆ ನಿಲ್ಲಬೇಕಾಗಿದೆ, ಅಷ್ಟೇ ವ್ಯತ್ಯಾಸ.

ಹಾಲು ತೂಗುವ ಗಣಕಯಂತ್ರ ಹಳೆಯದಾಯಿತೆಂದು ಹೊಸದು ತಂದೆವಲ್ಲ, ಆ ಹಳೆಯದು ಇಂಡಿ ಚೀಲಗಳ ಪಕ್ಕದಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ಗುಜರಿಗೆ ಹಾಕಿದ್ದರೆ ನಾಲ್ಕುನೂರು ರೂಪಾಯಿ ಸಿಗುತ್ತಿತ್ತು. ಅದನ್ನೇ ಬಳಸೋಣ ಎಂದೆ. ಪಟ್ಟಣದಲ್ಲಿ ಓದುವ ನನ್ನ ತಮ್ಮನ ಮಗ ಸಹಾಯಕ್ಕೆ ಬಂದ. ಗಣಕಯಂತ್ರಕ್ಕೆ ಸಿಕ್ಕಿಸುವ ಒಂದು ಚಿಕ್ಕ ಪೆಟ್ಟಿಗೆ ಸಿಗುತ್ತದೆ, ಟ್ಯೂನರ್ ಅಂತಾರೆ. ಡಿಶ್ಶಿನ ವೈರು ಅದಕ್ಕೆ, ಅದರ ವೈರು ಗಣಕಯಂತ್ರಕ್ಕೆ. ಮಾಡಿನ ಮೇಲೆ ದೂರದರ್ಶನದ ಫ್ರೀ ಡಿಶ್ ಹಾಕಿಸಿದೆವು. ಇದಕ್ಕೆ ತಿಂಗಳ ಬಾಡಿಗೆ ಇಲ್ಲ. 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ಚಂದನವೂ ಇದರಲ್ಲಿದೆ, 2015ರಲ್ಲಿ ಶುರುವಾದ ಡಿ.ಡಿ. ಕಿಸಾನ್ ಕೂಡ ಇದೆ. ಹಿಂದೆ ಮನೆ ಮೇಲೆ ಕಡ್ಡಿ ಆಂಟೆನಾ ಕಟ್ಟಿ ನೋಡುತ್ತಿದ್ದೆವಲ್ಲ, ಆ ಟವರುಗಳನ್ನು ದೂರದರ್ಶನ 2022ರ ಹೊತ್ತಿಗೆ ಬಹುಪಾಲು ನಿಲ್ಲಿಸಿಬಿಟ್ಟಿತು. ಹಾಗಾಗಿ ಬಾಡಿಗೆ ಇಲ್ಲದೆ ನೋಡಬೇಕಾದರೆ ಡಿಶ್ಶೇ ಗತಿ. ದುಡ್ಡು ಕಟ್ಟಿ ನೋಡುವ ಬೇರೆ ಕಂಪನಿಗಳ ಡಿಶ್ಶಿನ ಚಾನಲ್ಲುಗಳಿಗೆ ಬೀಗ ಹಾಕಿರುತ್ತಾರೆ, ಅವು ನಮ್ಮ ಟ್ಯೂನರಿನಲ್ಲಿ ಬರುವುದಿಲ್ಲ.

ತಂತ್ರಾಂಶ ಎರಡು ಹಾಕಿದ್ದೇವೆ. ಎರಡಕ್ಕೂ ದುಡ್ಡಿಲ್ಲ. ಟಿವಿಹೆಡೆಂಡ್ ಎಂಬುದು ಹಿಂದೆ ಕೂತು ಚಾನಲ್ ಹಿಡಿಯುವುದು, ಹೊತ್ತಿಗೆ ಸರಿಯಾಗಿ ರೆಕಾರ್ಡ್ ಮಾಡುವುದು. ಕೋಡಿ ಎಂಬುದು ಮುಂದೆ ನಿಂತು ಪರದೆಗೆ ತೋರಿಸುವುದು. ಒಳಗೆ ಅಡುಗೆ ಮಾಡುವವರು ಒಬ್ಬರು, ಎಲೆಗೆ ಬಡಿಸುವವರು ಒಬ್ಬರು ಅಂತ ಇಟ್ಟುಕೊಳ್ಳಿ.

ಮೊದಲ ದಿನ ಏನೂ ಬರಲಿಲ್ಲ. ಡಿಶ್ ಕೂರಿಸಿದವನು ತನ್ನ ಕೈಯಲ್ಲಿದ್ದ ಮೀಟರಿನಲ್ಲಿ ಸಿಗ್ನಲ್ ತೋರಿಸಿ, ದುಡ್ಡು ತಗೊಂಡು ಹೋದ. ಗಣಕಯಂತ್ರದಲ್ಲಿ ಮಾತ್ರ ಸೊನ್ನೆ. ನಾನು, ತಮ್ಮನ ಮಗ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಕೂತೆವು. ಅವನು ಮಾಡಿನ ಮೇಲೆ ಹತ್ತಿ ಡಿಶ್ ತಿರುಗಿಸುವುದು, ನಾನು ಕೆಳಗಿನಿಂದ "ಇಲ್ಲ, ಇಲ್ಲ" ಎಂದು ಕೂಗುವುದು. ಸರಿಯಾಗಿ ಕೂತಿದ್ದ ಡಿಶ್ಶನ್ನು ನಾವೇ ಕೆಡಿಸಿದೆವು ಎಂಬುದು ಮರುದಿನ ಗೊತ್ತಾಯಿತು. ಅದಕ್ಕೇ ಹೇಳ್ತೇನೆ, ಮೀಟರಿನಲ್ಲಿ ಸಿಗ್ನಲ್ ಬಂದಿದೆ ಎಂದರೆ ಡಿಶ್ ಮುಟ್ಟಬೇಡಿ. ತಪ್ಪು ಒಳಗೆ, ಸೆಟ್ಟಿಂಗಿನಲ್ಲಿ ಇರುತ್ತದೆ.

ಆ ತಪ್ಪು ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹತ್ತರಲ್ಲಿ ಎಂಟು ಜನ ಇಲ್ಲೇ ಸೋತು ಪೆಟ್ಟಿಗೆಯನ್ನು ಅಂಗಡಿಗೆ ವಾಪಸ್ ಕೊಡ್ತಾರೆ ಅಂತ ಕಾಣುತ್ತದೆ. ಫ್ರೀ ಡಿಶ್ಶಿನ ಚಾನಲ್ಲುಗಳು ಜಿಸ್ಯಾಟ್-15 ಎಂಬ ನಮ್ಮ ದೇಶದ ಉಪಗ್ರಹದಿಂದ ಬರುತ್ತವೆ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ಇದೆ. ನಮ್ಮ ಊರಿನಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿ, ಸಾಕಷ್ಟು ಎತ್ತರದಲ್ಲಿ. ಅಲ್ಲಿಂದ ಬರುವ ಅಲೆಗಳಲ್ಲಿ ಒಂದು ಗುಂಪಿನದು 11090 ಮೆಗಾಹರ್ಟ್ಸ್. ಇಷ್ಟು ದೊಡ್ಡ ಸಂಖ್ಯೆಯ ಅಲೆ ವೈರಿನಲ್ಲಿ ಇಳಿದು ಬರಲು ಹೋದರೆ ದಾರಿಯಲ್ಲೇ ಸತ್ತುಹೋಗುತ್ತದೆ. ಆದ್ದರಿಂದ ಡಿಶ್ಶಿನ ಮೂತಿಗೆ ಕೂರಿಸಿರುವ ಎಲ್.ಎನ್.ಬಿ. ಅದರಿಂದ 9750 ಕಳೆದು, ಉಳಿದದ್ದನ್ನು ಮಾತ್ರ ಕೆಳಗೆ ಕಳಿಸುತ್ತದೆ. 11090ರಲ್ಲಿ 9750 ಹೋದರೆ 1340. ನಮ್ಮ ಟ್ಯೂನರು 950ರಿಂದ 2150ರವರೆಗೆ ಓದಬಲ್ಲದು, ಹಾಗಾಗಿ 1340 ಸುಲಭವಾಗಿ ಸಿಗುತ್ತದೆ. ಆದರೆ ಮೇಲಿನವನು ಎಷ್ಟು ಕಳೆದ ಎಂಬುದನ್ನು ಕೆಳಗಿನ ತಂತ್ರಾಂಶಕ್ಕೆ ನಾವೇ ಹೇಳಬೇಕು. ನಮ್ಮ ಯಂತ್ರದಲ್ಲಿ ಅದು 5150 ಎಂದಿತ್ತು. ಅದು ದೊಡ್ಡ ಡಿಶ್ಶಿನವರ, ಸಿ-ಬ್ಯಾಂಡಿನ ಲೆಕ್ಕ. ಹಾಲು ತೂಗುವವನು ಕ್ಯಾನಿನ ತೂಕ ಕಳೆದು ಬರೆದಿದ್ದಾನೋ ಕಳೆಯದೆ ಬರೆದಿದ್ದಾನೋ ಗೊತ್ತಿಲ್ಲದೆ ಬಟವಾಡೆ ಮಾಡಿದ ಹಾಗೆ ಆಗಿತ್ತು ನಮ್ಮ ಕಥೆ.

ಅಲ್ಲಿ 'ಯೂನಿವರ್ಸಲ್' ಎಂದು ಆರಿಸಿಕೊಂಡರೆ 9750 ಮತ್ತು 10600 ಎರಡೂ ತಾನಾಗಿ ಬರುತ್ತವೆ. 11700ರ ಕೆಳಗಿನದಕ್ಕೆ 9750, ಮೇಲಿನದಕ್ಕೆ 10600. ಆಮೇಲೆ ಸಿಂಬಲ್ ರೇಟ್ ಎಂದು ಕೇಳುತ್ತದೆ, 29500. ತುಂಬಾ ಕಡೆ 27500 ಎಂದು ಮೊದಲೇ ತುಂಬಿಟ್ಟಿರುತ್ತಾರೆ, ಅಳಿಸಿ ಬರೆಯಬೇಕು. ಪೋಲರೈಸೇಷನ್ ಎಂದರೆ ಅಲೆ ನಿಂತು ಬರುತ್ತದೋ ಮಲಗಿ ಬರುತ್ತದೋ ಎಂದು. ಇದಕ್ಕೆ ನಿಂತದ್ದು, ವರ್ಟಿಕಲ್. ಕೆಲವು ತಂತ್ರಾಂಶ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿ ಕೇಳುತ್ತವೆ, ಕೆಲವು ಕಿಲೋಹರ್ಟ್ಸ್‌ನಲ್ಲಿ. ಕಿಲೋ ಕೇಳಿದರೆ ಮೂರು ಸೊನ್ನೆ ಸೇರಿಸಿ. ನಿಂತದ್ದಕ್ಕೆ 13 ವೋಲ್ಟು, ಮಲಗಿದ್ದಕ್ಕೆ 18 ವೋಲ್ಟು ಕರೆಂಟನ್ನು ಟ್ಯೂನರೇ ಮೇಲಕ್ಕೆ ಕಳಿಸಬೇಕು. ಅದಕ್ಕೆಂದೇ ಟ್ಯೂನರಿಗೆ ಬೇರೆ ಅಡಾಪ್ಟರು ಕೊಟ್ಟಿರುತ್ತಾರೆ. ಒಂದು ದಿನ ಯಾರೋ ಮೊಬೈಲ್ ಚಾರ್ಜಿಗೆ ಹಾಕಲು ಆ ಅಡಾಪ್ಟರು ಕಿತ್ತಿಟ್ಟಿದ್ದರು. ಟ್ಯೂನರಿನ ದೀಪ ಉರಿಯುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಇಡೀ ಬೆಳಗು ಹುಡುಕಿದೆವು. ಕಿತ್ತವರು ಇಲ್ಲೇ ಕೂತು ನಗುತ್ತಿದ್ದಾರೆ, ಹೆಸರು ಹೇಳಲ್ಲ.

ಚಿತ್ರ ಬಂದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡೆ. ಅಲ್ಲಿಂದಲೇ ಶುರು.

ಮಿಶ್ರತಳಿ ಹಸುಗಳ ಬಗ್ಗೆ ಒಂದು ಹಳೇ ಕಾರ್ಯಕ್ರಮ ರೆಕಾರ್ಡ್ ಮಾಡಿ ತೋರಿಸಿದೆ. ಸಾಲಿನಲ್ಲಿದ್ದ ನಮ್ಮ ದೊಡ್ಡಪ್ಪನವರು ನೋಡಿ, "ಎಂಥಾ ಮೈ ತುಂಬಿದ ಹಸು ನೋಡ್ರೋ, ಪಕ್ಕೆಲುಬೇ ಕಾಣಲ್ಲ" ಎಂದರು. ಎಲ್ಲರೂ ಹೌದೆಂದರು. ಪಕ್ಕದಲ್ಲಿ ನಿಂತಿದ್ದ ಡಾಕ್ಟರೂ ದುಂಡಗೆ ಕಾಣುತ್ತಿದ್ದರು, ಅದನ್ನು ಯಾರೂ ಗಮನಿಸಲಿಲ್ಲ. ವಿಷಯ ಏನೆಂದರೆ, ಹಳೇ ಕಾರ್ಯಕ್ರಮಗಳ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು. ನಮ್ಮ ಪರದೆ ಹದಿನಾರಕ್ಕೆ ಒಂಬತ್ತು. ತಂತ್ರಾಂಶ ಆ ಚಿತ್ರವನ್ನು ಅಡ್ಡಕ್ಕೆ ಎಳೆದು ಪರದೆ ತುಂಬಿಸಿತ್ತು. ಹಸುವಿನ ಮೈಕಟ್ಟು ನೋಡಿ ಆಹಾರ ಎಷ್ಟು ಕೊಡಬೇಕೆಂದು ಹೇಳುವ ಕಾರ್ಯಕ್ರಮದಲ್ಲಿ ಹಸುವನ್ನೇ ಕಾಲು ಭಾಗಕ್ಕಿಂತ ಹೆಚ್ಚು ದಪ್ಪ ಮಾಡಿ ತೋರಿಸಿದರೆ ಏನು ಪ್ರಯೋಜನ? ಕೋಡಿಯಲ್ಲಿ ಚಿತ್ರ ಓಡುತ್ತಿರುವಾಗಲೇ ವೀಡಿಯೋ ಸೆಟ್ಟಿಂಗಿಗೆ ಹೋಗಿ, ಎಳೆಯುವುದನ್ನು ಬಿಟ್ಟು 'ನಾರ್ಮಲ್' ಎಂದು ಮಾಡಿ, ಎಲ್ಲಕ್ಕೂ ಇದೇ ಇರಲಿ ಎಂದು ಉಳಿಸಬೇಕು. ಆಗ ಎರಡು ಬದಿ ಕಪ್ಪು ಪಟ್ಟಿ ಬರುತ್ತದೆ. "ಪರದೆಗೆ ದುಡ್ಡು ಕೊಟ್ಟು ಅರ್ಧ ಕಪ್ಪು ನೋಡಬೇಕಾ?" ಎಂದು ಕೇಳಿದವರೂ ಇದ್ದಾರೆ. ಕಪ್ಪು ಇದ್ದರೆ ಇರಲಿ, ಹಸು ಹಸುವಿನ ಹಾಗೆ ಕಾಣಲಿ.

ಇನ್ನೊಂದು, ಪರದೆಯ ಅಂಚು. ಕಾರ್ಯಕ್ರಮದ ಕೆಳಗೆ ಒಂದು ಸಾಲು ಅಕ್ಷರ ಓಡುತ್ತದಲ್ಲ, ಅದರ ಕೆಳಗಿನ ಅರ್ಧ ನಮಗೆ ಕಾಣುತ್ತಿರಲಿಲ್ಲ. ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ನಂಬರು ಅಲ್ಲಿ ಹೋಗುವಾಗ, ಸೊನ್ನೆಯೋ ಎಂಟೋ ತಿಳಿಯದೆ ಒಬ್ಬರು ಯಾರ ಮನೆಗೋ ಫೋನ್ ಮಾಡಿ ಭೂಸಾರದ ಬಗ್ಗೆ ಕೇಳಿದ್ದರಂತೆ. ಇದಕ್ಕೆ ಗಣಕಯಂತ್ರ ಕಾರಣ ಅಲ್ಲ, ಪರದೆಯಾಗಿ ಬಳಸಿದ ಟಿ.ವಿ.ಯೇ ಕಾರಣ. ಬಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನಾಲ್ಕೂ ಅಂಚು ಕತ್ತರಿಸುವುದು ಟಿ.ವಿ.ಗಳ ಹಳೇ ಚಾಳಿ. ಓವರ್‌ಸ್ಕ್ಯಾನ್ ಅಂತಾರೆ. ಟಿ.ವಿ.ಯ ರಿಮೋಟಿನಲ್ಲೇ ಚಿತ್ರದ ಅಳತೆಗೆ ಹೋಗಿ 'ಜಸ್ಟ್ ಸ್ಕ್ಯಾನ್' ಎಂದೋ 'ಸ್ಕ್ರೀನ್ ಫಿಟ್' ಎಂದೋ ಇರುವುದನ್ನು ಒತ್ತಬೇಕು. ಒಂದೊಂದು ಕಂಪನಿಯವರು ಒಂದೊಂದು ಹೆಸರು ಇಟ್ಟಿದ್ದಾರೆ.

ಆ ಓಡುವ ಸಾಲು ತಡವರಿಸುತ್ತಾ, ಕುಂಟುತ್ತಾ ಓಡುತ್ತಿದ್ದುದೂ ಉಂಟು. ನಮ್ಮ ದೇಶದ ಈ ಪ್ರಸಾರ ಸೆಕೆಂಡಿಗೆ 25 ಚಿತ್ರದ್ದು, ಒಂದೊಂದನ್ನೂ ಎರಡು ಅರ್ಧ ಮಾಡಿ 50 ಸಲ ಕಳಿಸುತ್ತಾರೆ. ಗಣಕಯಂತ್ರ ಪರದೆಗೆ 60 ಸಲ ಬರೆಯುತ್ತಿತ್ತು. 50ಕ್ಕೂ 60ಕ್ಕೂ ಹೊಂದಾಣಿಕೆ ಆಗದೆ ಕುಂಟುತ್ತಿತ್ತು. ಪರದೆಯನ್ನು 50ಕ್ಕೆ ಇಳಿಸಿದ ಮೇಲೆ ನೀರಿನ ಹಾಗೆ ಹರಿಯಿತು. ಹಾಗೇ, ಹಸು ತಲೆ ಅಲ್ಲಾಡಿಸಿದರೆ ಕೊಂಬಿನ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತಿದ್ದುದು ಆ ಎರಡು ಅರ್ಧಗಳು ಸರಿಯಾಗಿ ಬೆಸೆಯದೆ ಇದ್ದುದರಿಂದ. ಅದಕ್ಕೆ ಡಿಇಂಟರ್‌ಲೇಸ್ ಎಂಬುದನ್ನು ಹಾಕಬೇಕು. ಹಳೇ ಯಂತ್ರಕ್ಕೆ ಅತಿ ಒಳ್ಳೆಯ ವಿಧಾನ ಹಾಕಿದರೆ ಅದು ಬಿಸಿಯಾಗಿ ಏದುಸಿರು ಬಿಡುತ್ತದೆ, ಸಾಧಾರಣದ್ದು ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಯಾರಾದರೂ ಮನೆಗೆ ಹೋಗಿ ಹುಡುಕಿ, "ಅಲ್ಲಿ ಅಂಥಾದ್ದೇನೂ ಇಲ್ಲವಲ್ಲ" ಎನ್ನಬಹುದು. ನನಗೂ ಹಾಗೇ ಆಯಿತು. ಕೋಡಿಯಲ್ಲಿ ಸೆಟ್ಟಿಂಗಿನ ಪುಟ ತೆರೆದರೆ ಎಡಗಡೆ ಕೆಳಗೆ ಹಲ್ಲುಚಕ್ರದ ಗುರುತು, 'ಬೇಸಿಕ್' ಅಥವಾ 'ಸ್ಟ್ಯಾಂಡರ್ಡ್' ಎಂಬ ಬರಹ ಇರುತ್ತದೆ. ಅದನ್ನು ಒತ್ತಿ ಒತ್ತಿ 'ಅಡ್ವಾನ್ಸ್‌ಡ್', 'ಎಕ್ಸ್‌ಪರ್ಟ್' ಎಂದು ಬದಲಿಸಿದರೆ ಬಚ್ಚಿಟ್ಟ ಸಾಲುಗಳೆಲ್ಲ ಹೊರಗೆ ಬರುತ್ತವೆ. ಗೊತ್ತಿಲ್ಲದವರು ಕೆಡಿಸದಿರಲಿ ಎಂದು ಹಾಗೆ ಮಾಡಿದ್ದಾರೆ. ಕೆಲಸ ಮುಗಿದ ಮೇಲೆ ವಾಪಸ್ 'ಬೇಸಿಕ್' ಮಾಡಿ ಎದ್ದು ಬನ್ನಿ.

ಧ್ವನಿಯ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಹೆಣ್ಣುಮಕ್ಕಳು. ಗಂಡಸರು ಹಜಾರದೊಳಗೆ ನಿಲ್ಲುತ್ತಾರೆ, ಅವರಿಗೆ ಕೇಳಿಸುತ್ತದೆ. ಹೆಂಗಸರ ಸಾಲು ಹೊರಗಿನ ಜಗಲಿಯ ಮೇಲೆ. ಒಂದು ತಿಂಗಳಾದ ಮೇಲೆ ಒಬ್ಬ ಅಕ್ಕ, "ಅದು ಮೂಕಿ ಟಿ.ವಿ.ನಾ ಅಣ್ಣಾ?" ಎಂದು ಕೇಳಿದರು. ಹಾಲು ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ, ಕೊಟ್ಟಿಗೆ ಕೆಲಸವೂ ಅವರದೇ. ನಾನು ಕೇಳಿಯೇ ಇರಲಿಲ್ಲ. ನೋಡಿದರೆ ತಂತ್ರಾಂಶದಲ್ಲಿ ಧ್ವನಿಯನ್ನು 5.1 ಎಂದು, ಅಂದರೆ ಆರು ಪೆಟ್ಟಿಗೆಗಳಿಗೆ ಹಂಚುವ ಹಾಗೆ ಇಟ್ಟಿದ್ದೆವು. ನಮ್ಮಲ್ಲಿ ಇದ್ದದ್ದು ಎರಡೇ ಸ್ಪೀಕರು. ಅದನ್ನು 2.0 ಮಾಡಿ, ಒಂದು ಸ್ಪೀಕರನ್ನು ಉದ್ದ ವೈರು ಹಾಕಿ ಜಗಲಿಯ ಕಂಬಕ್ಕೆ ಕಟ್ಟಿದೆವು.

ಇನ್ನು ಹೇಳಬೇಕಾದ್ದು, ಹೇಳಲು ಮನಸ್ಸಿಲ್ಲದ್ದು. ಅಧ್ಯಕ್ಷರು ಬೈಸಿಕೊಂಡದ್ದು ಎಂದರಲ್ಲ, ಅದು.

ರೆಕಾರ್ಡಿಂಗಿಗೆ ಹೊತ್ತು ಗೊತ್ತು ಮಾಡಿ ಬರುತ್ತಿದ್ದೆವು. ಮೊದಮೊದಲು ಯಂತ್ರ ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ನಿದ್ದೆ ಹೋಗುತ್ತಿತ್ತು, ರೆಕಾರ್ಡ್ ಆಗುತ್ತಿರಲಿಲ್ಲ. ಆ ನಿದ್ದೆಯ ಸೆಟ್ಟಿಂಗನ್ನು ತೆಗೆದೆವು. ಕಾರ್ಯಕ್ರಮ ಐದು ನಿಮಿಷ ಮುಂಚೆ ಶುರುವಾದರೆ, ಹತ್ತು ನಿಮಿಷ ತಡವಾಗಿ ಮುಗಿದರೆ ಎಂದು ಹಿಂದೆ ಮುಂದೆ ಹೊತ್ತು ಸೇರಿಸಿದೆವು. ಗಂಟೆಗೆ ಹೆಚ್ಚು ಕಡಿಮೆ ಒಂದು ಜಿ.ಬಿ. ಜಾಗ ಹಿಡಿಯುತ್ತದೆ, ತುಂಬಿಹೋಗದಿರಲಿ ಎಂದು ಹದಿನೈದು ದಿನದ ಹಳೆಯದು ತಾನಾಗಿ ಅಳಿಸುವ ಹಾಗೆ ಇಟ್ಟೆವು. ಎಲ್ಲ ಸರಿಯಾಯಿತು ಎಂದು ನಾನು ಬೀಗಿದ್ದೆ.

2022ರಲ್ಲಿ ಚರ್ಮಗಂಟು ರೋಗ ಬಂತು. ನಿಮಗೆಲ್ಲ ನೆನಪಿದೆ, ಮರೆಯುವ ಹಾಗಿಲ್ಲ. ದನಗಳ ಮೈಮೇಲೆ ಗಂಟು, ಜ್ವರ, ಮೇವು ಬಿಡುವುದು, ಹಾಲು ಇಳಿಯುವುದು. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಂದು ಸಂಜೆ ಅದರ ಬಗ್ಗೆ ಪಶುವೈದ್ಯರ ಮಾತುಕತೆ ಇದೆ ಎಂದು ತಿಳಿದು, ಮೈಕಿನಲ್ಲಿ ಕೂಗಿಸಿದೆ: ನಾಳೆ ಬೆಳಿಗ್ಗೆ ಸಂಘದಲ್ಲಿ ತೋರಿಸ್ತೇವೆ, ಎಲ್ಲರೂ ಬನ್ನಿ. ಬೆಳಿಗ್ಗೆ ಹಾಲು ಹಾಕದವರೂ ಬಂದರು. ನಲವತ್ತು ಐವತ್ತು ಜನ ಇದ್ದರು. ತೋಟದ ಮನೆ ಅಜ್ಜಿ ಹಾಲಿಲ್ಲದಿದ್ದರೂ ಖಾಲಿ ಕೈಯಲ್ಲಿ ಬಂದು ಮೊದಲ ಸಾಲಿನಲ್ಲಿ ನಿಂತಿದ್ದರು. ಅವರ ಹಸುವಿಗೆ ಎರಡು ದಿನದಿಂದ ಗಂಟು ಎದ್ದಿತ್ತು. ಪಟ್ಟಿ ತೆರೆದು ನೋಡಿದರೆ ಆ ಸಂಜೆಯ ರೆಕಾರ್ಡೇ ಇಲ್ಲ.

ಕರೆಂಟು ಹೋಗಿರಬೇಕು ಎಂದು ಹೇಳಿ ಎಲ್ಲರನ್ನೂ ಕಳಿಸಿದೆ. ಕರೆಂಟು ಹೋಗಿತ್ತು ನಿಜ, ಆದರೆ ಅದು ಹಿಂದಿನ ರಾತ್ರಿ. ಸಂಜೆ ಹೊತ್ತಿಗೆ ಕರೆಂಟು ಇತ್ತು, ಯಂತ್ರವೂ ನಡೆಯುತ್ತಿತ್ತು. ಎರಡು ದಿನ ಬಿಟ್ಟು ತಮ್ಮನ ಮಗ ಬಂದು ನೋಡಿದ. ಪರದೆಯ ಮೂಲೆಯಲ್ಲಿದ್ದ ತಾರೀಕು ಎಷ್ಟೋ ವರ್ಷ ಹಿಂದಿನದು. ಗಣಕಯಂತ್ರದೊಳಗೆ ಬಿಲ್ಲೆಯಂಥ ಒಂದು ಸಣ್ಣ ಸೆಲ್ಲು ಇರುತ್ತದೆ, ಸಿ.ಆರ್. 2032 ಎಂದು. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದು. ಹಳೇ ಯಂತ್ರ, ಸೆಲ್ಲು ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರಕ್ಕೆ ಹೊತ್ತು ಗೊತ್ತು ಇಲ್ಲದೆ ಹಳೇ ತಾರೀಕಿಗೆ ಹೋಗುತ್ತಿತ್ತು. ಆ ವರೆಗೆ ಬೆಳಿಗ್ಗೆ ಬಂದು ನಾನು ಸರಿ ಮಾಡುತ್ತಿದ್ದೆ, ಯಾಕೆ ಹೀಗಾಗುತ್ತದೆ ಎಂದು ಯೋಚನೆ ಮಾಡಿರಲಿಲ್ಲ. ಆ ದಿನ ನಾನು ಟೊಮ್ಯಾಟೊ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದೆ.

ಸೆಲ್ಲಿನ ಬೆಲೆ ಐವತ್ತು ರೂಪಾಯಿ ಒಳಗೆ.

ಅಜ್ಜಿಯ ಹಸು ಉಳಿಯಿತು, ಕರು ಉಳಿಯಲಿಲ್ಲ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟುತ್ತಿದ್ದರು. ರೋಗ ಬಂದದ್ದನ್ನು ಬೇರೆ ಕಟ್ಟಬೇಕು, ನೊಣ ಸೊಳ್ಳೆ ಉಣ್ಣೆಗಳಿಂದ ಹರಡುತ್ತದೆ, ಕೊಟ್ಟಿಗೆಗೆ ಹೊಗೆ ಹಾಕಬೇಕು, ಇನ್ನೂ ರೋಗ ಬಾರದ ದನಕ್ಕೆ ಲಸಿಕೆ ಹಾಕಿಸಬೇಕು ಎಂಬುದು ಅವರಿಗೆ ಆಗ ತಿಳಿದಿರಲಿಲ್ಲ. ಕಾರ್ಯಕ್ರಮ ನೋಡಿದ್ದರೆ ಕರು ಬದುಕುತ್ತಿತ್ತು ಎಂದು ನಾನು ಹೇಳಲಾರೆ, ಅಷ್ಟರೊಳಗೆ ಅಂಟಿಯೂ ಇದ್ದಿರಬಹುದು. ಆದರೆ ಅಜ್ಜಿ ಮುಂದಿನ ಸಾಲಿನಲ್ಲಿ ನಿಂತದ್ದು, ನಾನು "ಕರೆಂಟು ಹೋಗಿತ್ತಜ್ಜಿ" ಎಂದದ್ದು ನನಗೆ ಮರೆಯುವುದಿಲ್ಲ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ನಾನೇ ಎದ್ದು ಹೇಳಿದೆ. ಬೈದರು. ನಡವಳಿಯಲ್ಲಿ ಬರೆದೂ ಇದೆ.

ಆಮೇಲೆ ಸೆಲ್ಲು ಹಾಕಿದೆವು. ಟಿವಿಹೆಡೆಂಡಿನಲ್ಲಿ ಇನ್ನೊಂದು ಅನುಕೂಲ ಇದೆ. ಪ್ರಸಾರದ ಜೊತೆಯಲ್ಲೇ ಗಂಟೆ ತಾರೀಕೂ ಆಕಾಶದಿಂದ ಇಳಿದು ಬರುತ್ತದೆ, ಅದನ್ನು ನೋಡಿ ಯಂತ್ರದ ಗಡಿಯಾರ ತಿದ್ದಿಕೊಳ್ಳಲಿ ಎಂದು ಅಪ್ಪಣೆ ಕೊಡಬಹುದು. ಅಲ್ಲಿ ಬರುವುದು ವಿಶ್ವದ ಹೊತ್ತು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದ್ದರಿಂದ ಯಂತ್ರದಲ್ಲಿ ಭಾರತದ ಸಮಯ ಎಂದು ಆರಿಸಿರಬೇಕು, ಇಲ್ಲದಿದ್ದರೆ ಸಂಜೆಯ ಕಾರ್ಯಕ್ರಮ ಬಿಟ್ಟು ಮಧ್ಯರಾತ್ರಿಯದನ್ನು ಹಿಡಿದಿಡುತ್ತದೆ. ಕರೆಂಟು ವಾಪಸ್ ಬಂದ ಕೂಡಲೇ ತಾನಾಗಿ ಏಳುವ ಸೆಟ್ಟಿಂಗು ಯಂತ್ರದ ಬಯಾಸ್ ಎಂಬ ಭಾಗದಲ್ಲಿ ಇರುತ್ತದೆ, ಅದನ್ನೂ ಹಾಕಿದೆವು. ಸೆಲ್ಲು ಸತ್ತರೆ ಅದೂ ಮರೆತುಹೋಗುತ್ತದೆ. ಈಗ ಎರಡು ವರ್ಷಕ್ಕೊಮ್ಮೆ ಸೆಲ್ಲು ಬದಲಿಸುತ್ತೇವೆ, ಸತ್ತಿರಲಿ ಬಿಡಲಿ.

ಇನ್ನೊಂದು ಎಚ್ಚರಿಕೆ, ಹುಡುಗರಿಗೆ. ಹೋದ ವರ್ಷ ಕ್ರಿಕೆಟ್ ಸಮಯದಲ್ಲಿ ಒಬ್ಬ ಹುಡುಗ, ದುಡ್ಡಿನ ಚಾನಲ್ಲುಗಳೆಲ್ಲ ಪುಕ್ಕಟೆ ಬರುತ್ತವೆ ಎಂದು ಇಂಟರ್‌ನೆಟ್ಟಿನಿಂದ ಯಾವುದೋ ತಂತ್ರಾಂಶ ಇಳಿಸಿದ. ಇಳಿಸಿದ್ದು ಟಿ.ವಿ. ಯಂತ್ರಕ್ಕಲ್ಲ, ಇಂಟರ್‌ನೆಟ್ ಇರುವುದು ಅದಕ್ಕೇ ಎಂದು ಹಾಲಿನ ಲೆಕ್ಕದ ಹೊಸ ಯಂತ್ರಕ್ಕೆ. ಪಂದ್ಯ ಬರಲಿಲ್ಲ. ಅದರ ಬದಲು ಕೆಟ್ಟ ಕೆಟ್ಟ ಜಾಹೀರಾತು ಬಂದವು. ಬೆಳಿಗ್ಗೆ ಹಾಲಿನ ಚೀಟಿ ಮುದ್ರಣ ಆಗಲೇ ಇಲ್ಲ. ಎರಡು ಗಂಟೆ ಹೊತ್ತು ಹಳೇ ಕಾಲದ ಹಾಗೆ ಪುಸ್ತಕದಲ್ಲಿ ಬರೆದುಕೊಂಡೆವು. ಲೆಕ್ಕ ಹೋಗಲಿಲ್ಲ, ಕಾರ್ಯದರ್ಶಿಗಳು ರಾತ್ರಿಯೇ ಬೇರೆ ಡಿಸ್ಕಿಗೆ ನಕಲು ತೆಗೆದಿದ್ದರು. ಅವರಿಗೆ ಈ ವೇದಿಕೆಯಿಂದ ವಂದನೆ ಹೇಳ್ತೇನೆ. ಕೋಡಿ, ಟಿವಿಹೆಡೆಂಡ್ ಇವುಗಳೊಳಗೆ ಚಾನಲ್ಲು ಇರುವುದಿಲ್ಲ, ಅವು ಬರೀ ಪಾತ್ರೆ. ಡಿಶ್ಶಿನಿಂದ ಬಂದದ್ದನ್ನು ತೋರಿಸುತ್ತವೆ, ಅಷ್ಟೇ. ಪಾತ್ರೆಯ ಜೊತೆ ಹಾಲನ್ನೂ ಪುಕ್ಕಟೆ ತುಂಬಿ ಕೊಡ್ತೇನೆ ಎನ್ನುವವನ ಹತ್ತಿರ ಹೋಗಬೇಡಿ. ಈಗ ಟಿ.ವಿ. ಯಂತ್ರಕ್ಕೂ ಲೆಕ್ಕದ ಯಂತ್ರಕ್ಕೂ ನಡುವೆ ಯಾವ ವೈರೂ ಇಲ್ಲ.

ಚಾನಲ್ ಪಟ್ಟಿಯ ವಿಷಯ ಬೇಗ ಹೇಳಿಬಿಡ್ತೇನೆ. ನೂರಕ್ಕೂ ಹೆಚ್ಚು ಚಾನಲ್ ಬರುತ್ತವೆ, ಬೇಡದ್ದೆಲ್ಲ ತೆಗೆದು ಚಂದನವನ್ನು ಒಂದನೇ ನಂಬರಿಗೆ, ಕಿಸಾನನ್ನು ಎರಡಕ್ಕೆ ಇಟ್ಟಿದ್ದೇವೆ. ಓದು ಬಾರದವರೂ ರಿಮೋಟಿನಲ್ಲಿ ಒಂದು ಒತ್ತಬಲ್ಲರು.

ಈ ಎಲ್ಲ ಸಂಖ್ಯೆಗಳನ್ನೂ ಒಂದು ನೂರು ಪುಟದ ಪುಸ್ತಕದಲ್ಲಿ ಬರೆದು, ಫ್ಯಾಟ್ ಪರೀಕ್ಷೆ ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ. ಯಾವ ದಿನ, ಯಾರು, ಏನು ಬದಲಿಸಿದರು, ಮೊದಲು ಏನಿತ್ತು ಎಂದು ಬರೆದು ಸಹಿ ಮಾಡಬೇಕು. ಕಳೆದ ಮುಂಗಾರಿನಲ್ಲಿ ಸಿಡಿಲು ಹೊಡೆದು ಟ್ಯೂನರು, ಡಿಸ್ಕು ಎರಡೂ ಹೋದವು. ತಮ್ಮನ ಮಗ ಊರಲ್ಲಿರಲಿಲ್ಲ. ಹೊಸದು ತಂದು, ಪುಸ್ತಕ ಬಿಡಿಸಿಕೊಂಡು, ನಾನೂ ಹಾಲು ಪರೀಕ್ಷಕರೂ ಕೂತು ಮಧ್ಯಾಹ್ನದೊಳಗೆ ಎಲ್ಲ ಮೊದಲಿನಂತೆ ಮಾಡಿದೆವು. ಮಳೆ ಜೋರಾಗಿದ್ದಾಗ ಚಿತ್ರ ಒಡೆದು ಚೂರಾಗುತ್ತದೆ. ಅದಕ್ಕೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ, ಮಳೆ ನಿಲ್ಲಬೇಕು. ಗುಡುಗು ಶುರುವಾದರೆ ಡಿಶ್ಶಿನ ವೈರು ಕಳಚಿಡಿ ಎಂದು ಪುಸ್ತಕದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದೆ.

ಮಳೆ ಇಲ್ಲದ ದಿನವೂ ಈಚೆಗೆ ಬೆಳಿಗ್ಗೆ ಗಾಳಿ ಬೀಸಿದರೆ ಚಿತ್ರ ನಿಂತು ನಿಂತು ಬರುತ್ತಿದೆ. ಸಿಗ್ನಲ್ ನೋಡಿದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಪುಸ್ತಕದ ಪ್ರಕಾರ ಎಲ್ಲ ಸಂಖ್ಯೆಯೂ ಸರಿ ಇದೆ. ಮಾಡಿನ ಮೇಲೆ ಹತ್ತಿ ನೋಡಿದೆವು. ಸಂಘದ ಕಾಂಪೌಂಡಿಗೆ ತಾಗಿದಂತೆ ಆಗ್ನೇಯ ಮೂಲೆಯಲ್ಲಿರುವ ತೆಂಗಿನ ಮರದ ಎರಡು ಗರಿ ಡಿಶ್ಶಿಗೆ ಅಡ್ಡ ಬಂದಿವೆ. ಮರ ಅಧ್ಯಕ್ಷರದು. ಕಾಯಿ ಮುಟ್ಟುವುದಿಲ್ಲ, ಗರಿ ಎರಡು ಮಾತ್ರ. ಅಧ್ಯಕ್ಷರು ಇಲ್ಲೇ, ಎಲ್ಲರ ಎದುರಿಗೆ ಒಪ್ಪಿಗೆ ಕೊಟ್ಟರೆ ನಾಳೆ ಬೆಳಿಗ್ಗೆ ಹಾಲಿನ ಹೊತ್ತು ಮುಗಿದ ಮೇಲೆ ಏಣಿ ತರಿಸ್ತೇನೆ.